ದುಂಡವ್ವನ ನೀಲಿ ಬಾನಿ

ಬಹಳ ಕಾಲದ ಹಿಂದೆ, ಮಲಪ್ರಭೆಯ ದಂಡೆಗೆ ಒಂದು ಊರು. ಆ ಊರಲ್ಲಿ ನೀಲಗಾರರ ದುಂಡವ್ವ ಅಂತ ಒಬ್ಬಳಿದ್ದಳಂತೆ. ಯಾವ ಕಾಲ ಎಂದು ಕೇಳಬೇಡಿ. ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ.

ನೀಲಗಾರರೆಂದರೆ ನೂಲಿಗೆ ನೀಲಿ ಹಾಕುವವರು. ದುಂಡವ್ವನ ಹಿತ್ತಲಲ್ಲಿ ಒಂದು ಬಾನಿ ಇತ್ತು. ಬಾನಿ ಎಂದರೆ ಕುತ್ತಿಗೆಯವರೆಗೆ ನೆಲದಲ್ಲಿ ಹೂತ ದೊಡ್ಡ ಮಣ್ಣಿನ ಪಾತ್ರೆ. ನೀಲಿ ಗಿಡದಿಂದ ಮಾಡಿದ ಉಂಡೆ, ಸುಣ್ಣದ ತಿಳಿ, ಬೇಯಿಸಿದ ತಗಚೆ ಬೀಜ, ಇಷ್ಟನ್ನು ಅದಕ್ಕೆ ಹಾಕುತ್ತಾರೆ. ಅದು ಹುಳಿಯಬೇಕು. ಹುಳಿತರೆ ಬಾನಿಗೆ ಜೀವ ಬಂದಂತೆ. ಆಗ ನೂಲು ಅದ್ದಿ ಎತ್ತಿದರೆ ಹಸಿರಾಗಿ ಬರುತ್ತದೆ. ಗಾಳಿ ತಾಗಿದ ಮೇಲೆ ನೀಲಿಯಾಗುತ್ತದೆ. ಸೀರೆ ಹರಿದರೂ ಆ ನೀಲಿ ಹೋಗುವುದಿಲ್ಲ.

ಬಾನಿಯನ್ನು ಎಂದೂ ಬರಿದು ಮಾಡುವುದಿಲ್ಲ. ಹಳೆಯ ನೀರು ತಳದಲ್ಲಿ ಉಳಿಯಬೇಕು. ಅದೇ ಹೆಪ್ಪು. ಮೊಸರಿಗೆ ಹೇಗೋ ಹಾಗೆ. ದುಂಡವ್ವನ ಬಾನಿಯ ಹೆಪ್ಪು ಅತ್ತೆಯಿಂದ ಸೊಸೆಗೆ, ಏಳು ತಲೆಯಿಂದ ಬಂದಿತ್ತಂತೆ.

ಅವಳ ವಿಷಯ ಏನೇನೋ ಹೇಳುತ್ತಾರೆ. ಬಾನಿಗೆ ಕಿವಿ ಕೊಟ್ಟು ನಾಳೆಯ ಬಣ್ಣ ಹೇಳುತ್ತಿದ್ದಳಂತೆ. ಬಾನಿಯ ಹತ್ತಿರ ಯಾರಾದರೂ ಜಗಳ ತೆಗೆದರೆ ಕೋಲು ಹಿಡಿದು ಓಡಿಸುತ್ತಿದ್ದಳಂತೆ. ಅವಳ ಕೈ ಮೊಣಕೈವರೆಗೆ ನೀಲಿ. ಆ ಕೈಯಿಂದ ರೊಟ್ಟಿ ಬಡಿದರೆ ರೊಟ್ಟಿ ಮಾತ್ರ ಬೆಳ್ಳಗೆ ಇರುತ್ತಿತ್ತಂತೆ. ಇರಬಹುದು.

ಅದೇ ಊರಲ್ಲಿ ಅಡಿವೆಪ್ಪ ಎಂಬವನು ಎಂಜಿನ್ ಇಟ್ಟು ಮಗ್ಗದ ಕಾರ್ಖಾನೆ ಹಾಕಿದ. ನಲವತ್ತು ಮಗ್ಗ. ನೇಯ್ಗೆ ಚೆನ್ನಾಗಿತ್ತು. ಬಣ್ಣ ಡಬ್ಬಿಯದು. ಒಂದು ಮದುವೆಯಲ್ಲಿ ಅವನ ಸೀರೆ ಉಟ್ಟ ಮದುಮಗಳು ಬೆವರಿ, ಕುತ್ತಿಗೆ ಕೈ ಎಲ್ಲ ನೀಲಿಯಾದಳು. ಬೀಗರು ಕೃಷ್ಣನ ತಂಗಿಯನ್ನು ತಂದೆವು ಎಂದು ನಕ್ಕರಂತೆ. ಮರುವಾರ ಗಾಡಿ ತುಂಬ ಸೀರೆ ವಾಪಸು ಬಂದವು.

ಅಡಿವೆಪ್ಪ ದುಂಡವ್ವನ ಬಾಗಿಲಿಗೆ ಬಂದ. ಕಾರ್ಖಾನೆಯ ನೂಲಿಗೆಲ್ಲ ನೀನೇ ನೀಲಿ ಹಾಕಬೇಕು ಅಂದ. ಅವಳು ಒಂದೇ ಮಾತು ಹೇಳಿದಳಂತೆ.

"ಬಾನಿ ನಿನ್ನ ಯಂತ್ರದ ಮಾತ ಕೇಳಾಂಗಿಲ್ಲ. ಬಾನಿ ಮಾತ ಯಂತ್ರ ಕೇಳಬೇಕು."

ಆತವ್ವಾ ಅಂದ ಅವನು.

ಕಾರ್ಖಾನೆಯ ಹಿಂದೆ ಹನ್ನೆರಡು ಬಾನಿ ಹೂತರು. ದುಂಡವ್ವ ತನ್ನ ಬಾನಿಯ ಹೆಪ್ಪನ್ನೆಲ್ಲ ಅಲ್ಲಿಗೆ ತಂದಳು. ಊರಿನ ಉಳಿದ ನೀಲಗಾರರೂ ಮನೆಯ ಬಾನಿ ಒಣಗಲು ಬಿಟ್ಟು ಅಲ್ಲಿಗೇ ಬಂದರು. ಚಳಿಗೆ ಬಾನಿ ಮಲಗಿಬಿಡುತ್ತದೆ, ಬಣ್ಣ ಕೊಡುವುದಿಲ್ಲ. ಅದಕ್ಕೆ ಎಂಜಿನ್ನಿನಿಂದ ಹೊರಬೀಳುವ ಬಿಸಿನೀರನ್ನು ಕಾಲುವೆ ತೆಗೆದು ಬಾನಿಗಳ ಸುತ್ತ ಹರಿಸಿದರು. ಆ ಉಪಾಯ ತನ್ನದು ಎಂದು ಅಡಿವೆಪ್ಪ ಹೇಳುತ್ತಿದ್ದ. ಅವಳದು ಎಂದು ನೀಲಗಾರರು ಹೇಳುತ್ತಿದ್ದರು.

ಆಮೇಲೆ ಆ ನೀಲಿ ಸೀರೆಗೆ ಹೆಸರು ಬಂತು. ದೂರದ ವ್ಯಾಪಾರಿಗಳು ದೀಪಾವಳಿಗೆ ಮೊದಲು ಬಂದು ಕಾದು ಕೂತು ಒಯ್ಯುತ್ತಿದ್ದರು. ಅರವತ್ತು ಮನೆಯ ಒಲೆ ಆ ಬಾನಿಗಳ ಮೇಲೆ ಉರಿಯಿತು ಅಂತಾರೆ.

ಒಂದು ವರ್ಷ ಖಂಡೆ ಪೂಜೆ ಬಂತು. ಆ ದಿನ ಕೆಲಸದ ಸಾಮಾನನ್ನೆಲ್ಲ ತೊಳೆದು ಪೂಜೆ ಮಾಡುವುದು ಪದ್ಧತಿ. ದುಂಡವ್ವ ನೀಲಿ ಉಂಡೆ ಕೊಳ್ಳಲು ಬೇರೆ ಊರಿಗೆ ಹೋಗಿದ್ದಳು. ನೀಲಗಾರರು ಹಬ್ಬಕ್ಕೆ ಮನೆಯಲ್ಲಿದ್ದರು. ಕಾರ್ಖಾನೆಯಲ್ಲಿ ಇದ್ದವರು ಮಗ್ಗದವರು, ಎಂಜಿನ್ನಿಗೆ ಎಣ್ಣೆ ಬಿಡುವವರು. ಮಗ್ಗ ತೊಳೆದರು. ಎಂಜಿನ್ ಒರೆಸಿದರು. ಅಡಿವೆಪ್ಪನ ಕಣ್ಣಿಗೆ ಬಾನಿಗಳು ಬಿದ್ದವು. ನಮಗೆ ಅನ್ನ ಕೊಡುವುದು ಇವೇ, ಇವನ್ನು ಬಿಟ್ಟರೆ ಹೇಗೆ ಅಂದ.

ಮರುದಿನ ದುಂಡವ್ವ ಬಂದಳು. ಅಡಿವೆಪ್ಪ ಬಾಗಿಲಲ್ಲೇ ಕಾದಿದ್ದನಂತೆ.

"ಎಲ್ಲಾ ಕನ್ನಡಿ ಹಂಗ ಆಗ್ಯಾವ ನೋಡ ಬಾ ಅವ್ವಾ. ನಿನ್ನ ಬಾನೀನೂ ಬಿಟ್ಟಿಲ್ಲ."

ಹನ್ನೆರಡು ಬಾನಿಯೂ ಬರಿದು. ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ, ಒಳಗೆ ಹೊರಗೆ ವಿಭೂತಿ ಬಳಿದಿದ್ದರು. ಬಾಯಿಗೆ ಚೆಂಡುಹೂವಿನ ಮಾಲೆ.

"ಯಾರು ತಿಕ್ಕಿದ್ರು?" ಅಂದಳು.

"ನಾನ, ಕೈಯಾರೆ. ಆಳಿನ ಕೈಗೆ ಕೊಟ್ಟಿಲ್ಲ."

"ಚೊಲೋ ತಿಕ್ಕೀದಿ ಬಿಡಪ್ಪ."

ಅಷ್ಟೇ ಅಂದಳಂತೆ. ತಾನು ತೊಳೆದು ಚೆಲ್ಲಿದ್ದು ಹೆಪ್ಪನ್ನು ಎಂದು ನೀಲಗಾರರಿಂದ ತಿಳಿದ ಮೇಲೆ ಅಡಿವೆಪ್ಪ ಬಾನಿಯ ಪಕ್ಕ ಕೂತವನು ಸಂಜೆಯವರೆಗೆ ಏಳಲಿಲ್ಲ. ದೀಪಾವಳಿಗೆ ಹತ್ತೊಂಬತ್ತು ದಿನ ಉಳಿದಿತ್ತು. ವ್ಯಾಪಾರಿಗಳು ಬಂದಾಗ ನೀಲಿ ಇಲ್ಲದಿದ್ದರೆ ಮತ್ತೆ ಡಬ್ಬಿಯ ಬಣ್ಣವೇ ಗತಿ. ಡಬ್ಬಿಯ ಸೀರೆ ಯಾರೂ ಒಯ್ಯುವುದಿಲ್ಲ. ಮಗ್ಗ ನಿಲ್ಲುತ್ತದೆ. ದುಂಡವ್ವನ ಲೆಕ್ಕ ಬೇರೆ. ಏಳು ತಲೆಯ ಹೆಪ್ಪು ತನ್ನ ಕೈಯಲ್ಲಿ ಸತ್ತಿತ್ತು.

ಅವಳು ಉಂಡೆ ಅರೆದಳು, ಸುಣ್ಣ ಹಾಕಿದಳು, ತಗಚೆ ಬೇಯಿಸಿ ಸುರಿದಳು. ಏಳು ದಿನ ಕಾದಳು. ಬಾನಿ ಹುಳಿಯಲಿಲ್ಲ, ಕೊಳೆಯಿತು. ಗಟಾರದ ವಾಸನೆ ಬಂತು. ಬಾನಿ ಕಾಯುವುದು ಅವಳಿಗೆ ಗೊತ್ತಿತ್ತು. ಹೊಸದಾಗಿ ಎಬ್ಬಿಸುವುದು ಗೊತ್ತಿರಲಿಲ್ಲ. ಅದನ್ನು ಕಲಿಯುವ ಪ್ರಸಂಗವೇ ಬಂದಿರಲಿಲ್ಲ.

ಎಂಟನೆಯ ದಿನ ಅಡಿವೆಪ್ಪನಿಗೆ ಗಾಡಿ ಹೂಡಲು ಹೇಳಿದಳು. ಎಲ್ಲಿಗೆ ಎಂದು ಕೇಳಿದ. ಹೊಳೆಯಾಚೆ, ಮಾದೇವಿಯ ಮನೆಗೆ ಅಂದಳು. ಊರವರು ಮುಖ ಮುಖ ನೋಡಿಕೊಂಡರು.

ಯಾಕೆಂದರೆ ಈ ಮಾದೇವಿಯೂ ನೀಲಗಾರರವಳು. ಗಂಡ ಸತ್ತವಳು. ಹಿಂದೊಮ್ಮೆ ಅವಳ ಬಾನಿ ಸತ್ತಾಗ ಒಂದು ಚೊಂಬು ಹೆಪ್ಪು ಕೇಳಿಕೊಂಡು ಹೊಳೆ ದಾಟಿ ಬಂದಿದ್ದಳು. ದುಂಡವ್ವ ಕೊಡಲಿಲ್ಲ. ಹೆಪ್ಪು ಹೊರಗೆ ಹೋದರೆ ಮನೆಯ ಬಣ್ಣವೂ ಹಿಂದೆ ಹೋಗುತ್ತದೆ ಅಂದಿದ್ದಳು. ಮಾದೇವಿ ಖಾಲಿ ಚೊಂಬು ಹಿಡಿದು ಬೀದಿಯಲ್ಲಿ ನಡೆದದ್ದನ್ನು ಊರೆಲ್ಲ ನೋಡಿತ್ತು. ಆದರೂ ಆರು ತಿಂಗಳಲ್ಲಿ ಅವಳ ಮನೆಯ ನೂಲು ನೀಲಿಯಾಗಿ ಸಂತೆಗೆ ಬಂದಿತ್ತು. ಹೇಗೆ ಎಂದು ಯಾರಿಗೂ ತಿಳಿದಿರಲಿಲ್ಲ.

ಮಾದೇವಿ ಅಂಗಳದಲ್ಲಿ ನೂಲು ಒಣ ಹಾಕುತ್ತಿದ್ದಳಂತೆ. ತಿರುಗಿ ನೋಡಿದಳು.

"ಏನಬೇ ದುಂಡವ್ವ, ದಾರಿ ತಪ್ಪಿತೇನ?"

"ತಪ್ಪಿತ್ತು. ಈಗ ಬಂದೇನಿ."

"ಯಾಕ?"

"ಹೆಪ್ಪು ಬೇಕು."

"ಯಾರ ಬಾನಿ ಸತ್ತೈತಿ?"

"ನನ್ನವು. ಹನ್ನೆರಡೂ."

ಮಾದೇವಿ ಕೈಯಲ್ಲಿದ್ದ ನೂಲನ್ನು ಹಿಂಡಿ, ಕೊಡವಿ, ಹಗ್ಗಕ್ಕೆ ಹಾಕಿದಳು. ಆಮೇಲೆ ಮಾತಾಡಿದಳು.

"ಹೆಪ್ಪು ಹೊರಗ ಕೊಟ್ಟರ ಮನಿ ಬಣ್ಣ ಹೋಗತೈತಿ ಅಂತಾರಲ್ಲ."

"ಹಂಗ ಅಂದಾಕಿ ನಾನ."

"ನೆನಪೈತಿ ಹಂಗಾದ್ರ."

"ಐತಿ. ಕೊಡಾಂಗಿಲ್ಲ ಅಂದ್ರ ಹೋಗತೇನಿ. ಕೇಳಿ ಹೋಗಬೇಕಿತ್ತು, ಕೇಳೀನಿ."

ಮಾದೇವಿ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಬಾನಿಯ ಮುಚ್ಚಳ ತೆಗೆದಳು. ಮೇಲೆ ತಾಮ್ರದ ಬಣ್ಣದ ಕೆನೆ ಕಟ್ಟಿತ್ತು. ದುಂಡವ್ವ ಬಗ್ಗಿ ಮೂಸಿದಳು. ಇನ್ನೊಮ್ಮೆ ಮೂಸಿದಳು. ಅದು ತನ್ನ ಬಾನಿಯ ವಾಸನೆ.

"ಅವತ್ತ ನೀ ಇಲ್ಲ ಅಂದು ಬೆನ್ನ ತಿರುವಿದಿ," ಅಂದಳು ಮಾದೇವಿ. "ನಾ ನಿನ್ನ ಬಾನ್ಯಾಗ ಸೆರಗ ಅದ್ದಿದೆ. ಮೈಗೆ ಸುತ್ತಿಕೊಂಡು ಮನಿಗೆ ಬಂದು ಹಿಂಡಿದೆ. ಮೈ ಬಿಸಿಗೆ ಉಳೀತು. ನಿಂದ ಐತಿ, ಒಯ್ಯಿ."

ಕದ್ದದ್ದು ಕೇಳಿ ದುಂಡವ್ವ ನಕ್ಕಳು ಅಂತ ಕೆಲವರು. ಅವಳು ನಗುವವಳಲ್ಲ ಅಂತ ಕೆಲವರು. ಮಾದೇವಿಯ ಸೆರಗು ಹಿಡಿದು ಕಣ್ಣಿಗೆ ಒತ್ತಿಕೊಂಡಳು ಅಂತ ಹೇಳುವವರೂ ಇದ್ದಾರೆ. ಅದನ್ನು ನಾನು ನಂಬುವುದಿಲ್ಲ.

ಒಂದು ಮಣ್ಣಿನ ಹರವಿಯ ತುಂಬ ಹೆಪ್ಪು ತುಂಬಿ, ಕಂಬಳಿಯಲ್ಲಿ ಸುತ್ತಿ ಗಾಡಿಯಲ್ಲಿಟ್ಟರು. ಮಾದೇವಿಯೂ ಗಾಡಿ ಹತ್ತಿದಳು. ಅಂಗೈಯಷ್ಟು ನೀರಿನಿಂದ ಬಾನಿ ಎಬ್ಬಿಸಿದವಳು ಅವಳೊಬ್ಬಳೇ. ಹೊಳೆ ತುಂಬಿತ್ತು. ನೀರು ಗಾಡಿಯ ಮಟ್ಟಕ್ಕೆ ಬಂದಾಗ ಇಬ್ಬರೂ ಹರವಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ದಾಟಿದರಂತೆ.

ಕಾರ್ಖಾನೆಯಲ್ಲಿ ಮಾದೇವಿ ಹೇಳಿದಳು, ದುಂಡವ್ವ ಮಾಡಿದಳು. ಬೆಲ್ಲ ಹಾಕು ಅಂದರೆ ಹಾಕಿದಳು. ಕಾಲುವೆಗೆ ಇನ್ನಷ್ಟು ಬಿಸಿನೀರು ಬಿಡು ಅಂದರೆ ಅಡಿವೆಪ್ಪ ತಾನೇ ಎಂಜಿನ್ನಿನ ಹತ್ತಿರ ಓಡಿದ. ಮೂರನೆಯ ದಿನ ಒಂದು ಬಾನಿ ಎದ್ದಿತು. ಒಂದರಿಂದ ಎರಡು, ಎರಡರಿಂದ ನಾಲ್ಕು. ವ್ಯಾಪಾರಿಗಳು ಬಂದಾಗ ನಾಲ್ಕೇ ಬಾನಿ ಎದ್ದಿದ್ದವು. ಬೇಕಾದಷ್ಟು ಸೀರೆ ಸಿಗಲಿಲ್ಲ. ಸಿಕ್ಕ ಸೀರೆಯ ಬಣ್ಣ ಹೋಗಲಿಲ್ಲ. ವ್ಯಾಪಾರಿಗಳು ಗೊಣಗಿದರು, ಮರುವರ್ಷ ಮತ್ತೆ ಬಂದರು. ಮಗ್ಗ ನಿಲ್ಲಲಿಲ್ಲ.

ಮರುವರ್ಷವೇ ಬೇರೆ ಊರಿನಿಂದ ಒಬ್ಬ ಹೆಂಗಸು ಚೊಂಬು ಹಿಡಿದು ಬಂದಳಂತೆ. ಯಾರು, ಯಾವ ಊರು, ಯಾರ ಮನೆ ಎಂದು ಅಡಿವೆಪ್ಪ ಕೇಳತೊಡಗಿದ. ದುಂಡವ್ವ ಅವನನ್ನು ಸುಮ್ಮನಿರಿಸಿದಳು. ಬಾನಿಯ ಮುಚ್ಚಳ ತೆಗೆದಳು. ಆಮೇಲೆ ಬೆನ್ನು ತಿರುವಿ ಕೂತಳು. ಬಂದವಳು ಚೊಂಬು ತುಂಬಿಕೊಂಡು ಹೋದಳು.

ದುಂಡವ್ವ ಸತ್ತಳು. ಅವಳನ್ನು ಹೂಳಿದ ಜಾಗದಲ್ಲಿ ಬಿತ್ತದೆ ನೀಲಿ ಗಿಡ ಎದ್ದಿತು ಅಂತಾರೆ. ನಾನು ನೋಡಿಲ್ಲ.

ಕಾರ್ಖಾನೆಯನ್ನು ನೋಡಿದ್ದೇನೆ. ಈಗ ಅದು ದೊಡ್ಡದು. ಮಣ್ಣಿನ ಬಾನಿ ಹೋಗಿ ಸ್ಟೀಲಿನ ಟಾಕಿ ಬಂದಿವೆ. ಬಿಸಿ ಎಷ್ಟಿದೆ ಎಂದು ಮೀಟರು ತೋರಿಸುತ್ತದೆ. ಆದರೂ ಯಾರಾದರೂ ಹೆಪ್ಪು ಕೇಳಿಕೊಂಡು ಬಂದರೆ ಅಲ್ಲಿಯವರು ಹೆಸರು ಕೇಳುವುದಿಲ್ಲ. ಟಾಕಿಯ ಮುಚ್ಚಳ ತೆಗೆಯುತ್ತಾರೆ. ಹಿರಿಯ ಕಿರಿಯ ಎನ್ನದೆ, ಅಲ್ಲಿದ್ದವರೆಲ್ಲ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಬಂದವರು ಹೋದ ಮೇಲೆ ತಿರುಗುತ್ತಾರೆ.