ಅಂಗೈ ಬೆವರದವರಿಗಷ್ಟೇ ಕಾಣುವ ಕಬಡ್ಡಿ

ಒಂದಾನೊಂದು ಊರಿನಲ್ಲಿ, ಹೂಂ ಅನ್ನಿ, ಹೂಂ ಅನ್ನದಿದ್ದರೆ ನಾನು ಮುಂದೆ ಹೇಳುವವಳಲ್ಲ, ಒಬ್ಬ ರಾಜ ಇದ್ದ. ಊರು ಗುಗ್ಗರಿಪುರ. ರಾಜ ಗೊಂಬಿರಾಯ. ಅವನಿಗೆ ಆನೆ ಬೇಡ, ಕುದುರೆ ಬೇಡ, ಪಕ್ಕದ ರಾಜ್ಯ ಬೇಡ. ಕುರ್ಚಿ ತುಂಬಿರಬೇಕು, ಅಷ್ಟೇ. ಕಬಡ್ಡಿ ಆಡಿಸಲಿಕ್ಕೆಂದು ದೊಡ್ಡದೊಂದು ಮೈದಾನ ಕಟ್ಟಿಸಿ ಸುತ್ತಲೂ ಕುರ್ಚಿ ಹಾಕಿಸಿದ್ದ. ಆ ಕುರ್ಚಿಗಳಿಗೊಂದು ಕೆಟ್ಟ ಚಾಳಿ ಇತ್ತು. ಮೇಲೆ ಯಾರೂ ಕೂರದಿದ್ದರೆ ಅಳುತ್ತಿದ್ದವು. ಒಂದು ಅತ್ತರೆ ಪಕ್ಕದ್ದು ಸಮಾಧಾನ ಹೇಳಲು ಹೋಗಿ ತಾನೂ ಅಳುತ್ತಿತ್ತು, ಅದರ ಮೇಲೆ ಕೂತವನ ಧೋತ್ರ ಒದ್ದೆಯಾಗುತ್ತಿತ್ತು. ಕುರ್ಚಿ ಅತ್ತ ದಿನ ರಾಜನಿಗೆ ಊಟ ಸೇರುತ್ತಿರಲಿಲ್ಲ.

ಅದೇ ಕಾಲಕ್ಕೆ ಊರಿಗೆ ಡಿಶ್ಶು ಬಂತು. ಮನೆಮನೆಯ ಮಾಳಿಗೆಯ ಮೇಲೆ ಒಂದೊಂದು ತಟ್ಟೆ ಆಕಾಶ ನೋಡುತ್ತಾ ಕೂತಿತು. ತಟ್ಟೆ ಮಾತಾಡುತ್ತಿತ್ತು. ಶನಿವಾರಕ್ಕೊಮ್ಮೆ ಒಂದು ಚೊಂಬು ಮಜ್ಜಿಗೆ ಕುಡಿಯುತ್ತಿತ್ತು, ಅದೇ ಅದರ ಚಂದಾ. ಕುಡಿದು ಮೂತಿ ಒರೆಸಿಕೊಂಡು ಕೆಳಗಿನ ಟೀವಿಯಲ್ಲಿ ಕಬಡ್ಡಿ ತೋರಿಸುತ್ತಿತ್ತು. ಜನ ಮನೆಯಲ್ಲೇ ಕಾಲು ಚಾಚಿ ಕೂತು, ಚುರುಮುರಿ ತಿನ್ನುತ್ತಾ ನೋಡತೊಡಗಿದರು. ಮೈದಾನದಲ್ಲಿ ಕುರ್ಚಿಗಳೆಲ್ಲ ಹೋ ಎಂದು ಅತ್ತವು.

ರಾಜ ಡಂಗುರ ಹೊಡೆಸಿದ. "ಗುಗ್ಗರಿಪುರದಲ್ಲಿ ಆಡುವ ಆಟ ಗುಗ್ಗರಿಪುರದ ಟೀವಿಯಲ್ಲಿ ಕಾಣಕೂಡದು! ದೂರದವರು ಮನೆಯಲ್ಲಿ ನೋಡಲಿ, ಹತ್ತಿರದವರು ಬಂದು ಕೂರಲಿ!"

ಹಾಗೇ ಆಯಿತು. ಆಟ ಹಿಮಾಲಯದಲ್ಲಿ ಜಡೆ ಬಿಟ್ಟು ಕೂತ ಸನ್ಯಾಸಿಗೆ ಕಂಡಿತು. ಮರಳುಗಾಡಿನ ಒಂಟೆಗೆ ಕಂಡಿತು. ಸಮುದ್ರದ ನಡುವೆ ಹಡಗಿನಲ್ಲಿದ್ದ ಇಲಿಗೂ ಕಂಡಿತು. ಮೈದಾನದ ಗೋಡೆಗೆ ಗೋಡೆ ಹತ್ತಿದ ಮನೆಯವರಿಗೆ ಮಾತ್ರ ಕಾಣಲಿಲ್ಲ. ಅವರ ಟೀವಿ ಹೆಂಚಿನ ಹಾಗೆ ಕಪ್ಪಗಾಯಿತು. ಊರವರು ಗೊಣಗಿದರು, ಬೈದರು, ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಮೈದಾನಕ್ಕೆ ಹೋದರು.

ಫಕೀರವ್ವ ಹೋಗಲಿಲ್ಲ. ಹೋಗುವ ಹಾಗಿರಲಿಲ್ಲ. ಬಾವಿಕಟ್ಟೆಯಿಂದ ಜಾರಿಬಿದ್ದು ಅವಳ ಸೊಂಟ ಮುರಿದಿತ್ತು. ನಡೆಯಲಾರಳು, ಕೂರಲಾರಳು. ಮೈದಾನದ ಪಕ್ಕದ ಮನೆಯಲ್ಲೇ ಹೊರಸಿನ ಮೇಲೆ ಮಲಗಿರುತ್ತಿದ್ದಳು. ಗಂಡ ಸತ್ತು ಬಹಳ ಕಾಲವಾಗಿತ್ತು. ಇದ್ದವಳು ಒಬ್ಬಳೇ ಮಗಳು, ನಿಂಬೆವ್ವ. ಆ ನಿಂಬೆವ್ವ ಗುಗ್ಗರಿಪುರದ ತಂಡಕ್ಕೆ ಕಬಡ್ಡಿ ಆಡುತ್ತಿದ್ದಳು.

ಈಗ ಸರಿಯಾಗಿ ಕೇಳಿ. ಗುಗ್ಗರಿಪುರದ ಕಬಡ್ಡಿಯಲ್ಲಿ ಒಂದು ಪದ್ಧತಿ. ಎದುರಾಳಿಯ ಅಂಕಣಕ್ಕೆ ನುಗ್ಗುವವರು ತಾವು ಉಸಿರು ಕಟ್ಟುವುದಿಲ್ಲ. ಅವರ ಮನೆಯವರು ಕಟ್ಟಬೇಕು. ಮನೆಯವರು ಉಸಿರು ಹಿಡಿದಷ್ಟು ಹೊತ್ತು ಆಡುವವರ ಬಾಯಲ್ಲಿ ಕಬಡ್ಡಿ ಕಬಡ್ಡಿ ನಡೆಯುತ್ತದೆ. ಮನೆಯವರು ಬಿಟ್ಟರೆ ಅಲ್ಲಿ ನಿಲ್ಲುತ್ತದೆ. ಬೇರೆ ಊರಲ್ಲಿ ಹೀಗಿಲ್ಲ ಅನ್ನುತ್ತೀರಾ? ಬೇರೆ ಊರಿನ ಕತೆ ಬೇರೆಯವರ ಹತ್ತಿರ ಕೇಳಿಕೊಳ್ಳಿ.

ನಿಂಬೆವ್ವ ಚಿಕ್ಕವಳಾಗಿ ಓಣಿಯಲ್ಲಿ ಆಡುವಾಗ ಫಕೀರವ್ವ ರೊಟ್ಟಿ ಬಡಿಯುತ್ತಾ ಕಿಟಕಿಯಿಂದ ನೋಡಿ ಉಸಿರು ಹಿಡಿದಳು. ಸೊಂಟ ಮುರಿದ ಮೇಲೆ ಟೀವಿಯಲ್ಲಿ ನೋಡಿ ಹಿಡಿದಳು. ಮಗಳು ಗೆರೆ ದಾಟಿದಳೋ, ಇವಳು ಮೂಗು ಮುಚ್ಚಿದಳು. ಮಗಳು ಮುಟ್ಟಿ ತಿರುಗಿ ಬಂದಳೋ, ಇವಳು ಹುಸ್ ಎಂದು ಬಿಟ್ಟಳು. ಇಬ್ಬರಿಗೂ ಅದು ಎಷ್ಟು ರೂಢಿಯಾಗಿತ್ತೆಂದರೆ ಒಬ್ಬರಿಗೊಬ್ಬರು ಅದರ ಮಾತೇ ಆಡುತ್ತಿರಲಿಲ್ಲ.

ಟೀವಿ ಕಪ್ಪಾದ ದಿನ ಫಕೀರವ್ವನಿಗೆ ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ತಿಳಿಯಲಿಲ್ಲ. ಗೋಡೆಯಾಚೆ ಜನ ಕೂಗಿದರು. ಕೂಗಿದ್ದು ಹೋಗುವಾಗಲೋ ಬರುವಾಗಲೋ? ಅಂದಾಜಿನ ಮೇಲೆ ಹಿಡಿದಳು. ಕಣ್ಣು ಕತ್ತಲೆ ಬರುವವರೆಗೆ ಹಿಡಿದಳು. ಇನ್ನಾಗದೆಂದು ಬಿಟ್ಟಳು. ಅದೇ ಗಳಿಗೆಗೆ ಅಲ್ಲಿ ನಿಂಬೆವ್ವ ಎದುರಾಳಿಗಳ ನಡುವೆ ಬಾಯಿ ತೆರೆದು ನಿಂತುಬಿಟ್ಟಳು, ಸಿಕ್ಕಿಬಿದ್ದಳು.

ಮಗಳು ಮೊಣಕಾಲು ತರಚಿಕೊಂಡು ಮನೆಗೆ ಬಂದಳು. "ಅವ್ವಾ, ನಡುವ ಬಿಟ್ಟೆಲ್ಲ."

"ಕಾಣವಲ್ದು ಮಗಳೇ. ಏನ್ ಮಾಡ್ಲಿ?"

"ಇನ್ನೊಮ್ಮೆ ಹಿಂಗಾದ್ರ ತಂಡದಾಗಿಂದ ತಗೀತೀನಿ ಅಂದಾಳ ನಾಯಕಿ." ನಿಂಬೆವ್ವ ಸಿಟ್ಟು ಮಾಡಲಿಲ್ಲ. ಮುಖ ತೊಳೆದುಕೊಂಡು ಬಂದು ಅವ್ವನ ಕಾಲು ಒತ್ತಿದಳು. ಸಿಟ್ಟು ಮಾಡಿದ್ದರೆ ಫಕೀರವ್ವನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ನೆರೆಮನೆಯ ರಾಚವ್ವ ಒಳ್ಳೆಯ ಹೆಂಗಸು. "ಮೈದಾನದಾಗ ಕುಂತು ನಾನೇ ಹಿಡೀತೀನಿ ಬಿಡು" ಎಂದಳು. ಹಿಡಿದಳು. ಆದರೆ ಅದು ರಾಚವ್ವನ ಉಸಿರಲ್ಲವೇ? ನಿಂಬೆವ್ವ ಗೆರೆ ದಾಟಿದವಳೇ ಕಬಡ್ಡಿ ಬಿಟ್ಟು ರಾಚವ್ವನ ಸೊಸೆ ಹಾಲಿಗೆ ನೀರು ಬೆರೆಸುವ ಸುದ್ದಿ ಹೇಳತೊಡಗಿದಳು. ಮೈದಾನವೆಲ್ಲ ನಕ್ಕಿತು. ಆ ಸೊಸೆ ಅಲ್ಲೇ ಕೂತಿದ್ದಳು. ಅಲ್ಲಿಗೆ ಆ ಉಪಾಯ ಮುಗಿಯಿತು. ನಾಯಕಿ ಹಲ್ಲು ಕಚ್ಚಿ, ಕೊನೆಯದಾಗಿ ಒಂದೇ ಒಂದು ಪಂದ್ಯ ಕೊಟ್ಟಳು.

ಫಕೀರವ್ವ ಮಾಳಿಗೆಯ ಕಡೆ ಮುಖ ಮಾಡಿ ತಟ್ಟೆಯನ್ನು ಕೂಗಿದಳು. "ಏ ತಟ್ಟಿ, ನನ್ನ ಮಗಳ ಆಟ ತೋರಸು."

ತಟ್ಟೆ ಗಂಟಲು ಸರಿಮಾಡಿಕೊಂಡಿತು. "ಕ್ಷಮಿಸಿ. ನಿಮ್ಮ ಪ್ರದೇಶದಲ್ಲಿ ಈ ಕಾರ್ಯಕ್ರಮ ಲಭ್ಯವಿಲ್ಲ."

"ಮಜ್ಜಿಗಿ ಕುಡಿಯೂ ಮುಂದ ನನ್ನ ಪ್ರದೇಶ ಆಗ್ತದೇನು ನಿನಗ?"

"ಮಜ್ಜಿಗೆ ಎಲ್ಲ ಪ್ರದೇಶಗಳಲ್ಲೂ ಲಭ್ಯವಿದೆ" ಎಂದಿತು ತಟ್ಟೆ.

"ಒಂಟಿಗೆ ತೋರಸ್ತಿ, ಇಲಿಗೆ ತೋರಸ್ತಿ. ಹಡದಾಕಿಗೆ ತೋರ್ಸೂದಿಲ್ಲ?"

"ಅವರು ದೂರದವರು ತಾಯಿ. ನೀವೂ ದೂರ ಹೋದರೆ ತೋರಿಸುತ್ತೇನೆ."

ಸರಿ, ದೂರ ಹೋಗೋಣ ಎಂದಳು ಫಕೀರವ್ವ. ಓಣಿಯವರು ಹೊರಸನ್ನು ಹೊತ್ತರು. ರಾಚವ್ವ ಟೀವಿಯನ್ನು ತಲೆಯ ಮೇಲಿಟ್ಟುಕೊಂಡಳು. ತಟ್ಟೆ ಹಿಂದೆ ಉರುಳುತ್ತಾ ಬಂತು. ಊರ ಗಡಿಯಲ್ಲಿ ಒಂದು ಗಡಿಕಲ್ಲಿತ್ತು, ಅದನ್ನು ದಾಟಿದರು. ದಾಟಿ ಹೊರಸು ಇಳಿಸಿ ಹಿಂದೆ ನೋಡಿದರೆ ಗಡಿಕಲ್ಲು ಅಲ್ಲಿಲ್ಲ. ಮುಂದೆ ಬಂದು ನಿಂತಿದೆ, ಏದುಸಿರು ಬಿಡುತ್ತಿದೆ.

"ನೀ ಯಾಕ ಬಂದಿ?" ಎಂದಳು ಫಕೀರವ್ವ.

"ನೀ ಯಾಕ ಬಂದಿ?" ಎಂದಿತು ಕಲ್ಲು. "ನನಗೇನ್ ಹೌಸಿ ಐತೇನ ಓಡಾಕ? ಎಲ್ಲಿ ಗುಗ್ಗರಿಪುರದ ಆಟಕ್ಕ ಅಂಗೈ ಬೆವರತೈತೋ ಅಲ್ಲೀತನಕ ಗುಗ್ಗರಿಪುರ. ಕೈ ತೋರಸು."

ಫಕೀರವ್ವ ಕೈ ತೋರಿಸಿದಳು. ನಾಳೆ ಮಗಳು ಆಡುತ್ತಾಳೆ ಎಂದು ನೆನೆದದ್ದಕ್ಕೇ ಅಂಗೈ ಒದ್ದೆಯಾಗಿತ್ತು. ಕಲ್ಲು ಅದನ್ನು ಮೂಸಿ ನೋಡಿ, ಹೌದು ಎಂದು ತಲೆಯಾಡಿಸಿತು. ಇನ್ನೂ ಮುಂದೆ ಹೋದರು. ಕಲ್ಲು ಇನ್ನೂ ಮುಂದೆ ಬಂತು. ಹಳ್ಳ ದಾಟಿದರು, ಕಲ್ಲು ಈಜಿತು. ಗುಡ್ಡ ಹತ್ತಿದರು, ಕಲ್ಲು ಅಳುತ್ತಾ ಹತ್ತಿತು. ಕೊನೆಗೆ ಹೊತ್ತವರ ಹೆಗಲೂ ಸೋತಿತು, ಕಲ್ಲಿನ ಅಂಚೂ ಸವೆಯಿತು. ಪಾಪ, ಅದಕ್ಕೂ ವಯಸ್ಸಾಗಿತ್ತು. ಎಲ್ಲರೂ ಸುಮ್ಮನೆ ವಾಪಸು ಬಂದರು.

ಬರುವ ದಾರಿಯಲ್ಲಿ ಅರಮನೆ. "ರಾಜನನ್ನೇ ಕೇಳ್ತೀನಿ" ಎಂದಳು ಫಕೀರವ್ವ. ಗೊಂಬಿರಾಯ ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅವನು ಹೊರಸಿನ ಪಕ್ಕ ನೆಲದ ಮೇಲೆ ಕೂತು ಎಲ್ಲ ಕೇಳಿಸಿಕೊಂಡ. ಕಣ್ಣು ಒರೆಸಿಕೊಂಡ.

"ಬಂದು ಕುರ್ಚಿಯಲ್ಲಿ ಕೂತುಬಿಡು ತಾಯಿ."

"ಕೂಡಾಕ ಬರೂದಿಲ್ಲ ದೊರಿ. ಹೊರಸು ಇಟ್ಟು ಮಲಕೊಂಡು ನೋಡ್ತೀನಿ."

"ಹೊರಸಿಟ್ಟರೆ ಅದರ ಕೆಳಗಿನ ಕುರ್ಚಿಗಳು ಅಳುತ್ತವೆ. ಕುರ್ಚಿ ಅಳುವುದನ್ನು ನೀನು ಕೇಳಿಲ್ಲ. ನನ್ನ ಕೈಲಿ ಆಗುವುದಿಲ್ಲ." ರಾಜ ಬಹಳ ಹೊತ್ತು ಯೋಚಿಸಿದ. "ಒಂದು ದಾರಿ ಇದೆ. ಕಲ್ಲು ನೋಡುವುದು ಅಂಗೈಯನ್ನು. ನಿನ್ನ ಅಂಗೈ ಬೆವರನ್ನು ಅರಮನೆಯಲ್ಲಿ ಇಟ್ಟುಹೋಗು. ಬೆವರದಿದ್ದರೆ ನೀನು ದೂರದವಳು. ಮನೆಯಲ್ಲೇ ಮಲಗಿದ್ದರೂ ದೂರದವಳು."

ರಾಚವ್ವ ಫಕೀರವ್ವನ ಕಿವಿಯಲ್ಲಿ ಹೇಳಿದಳು. "ಬ್ಯಾಡ ತಂಗಿ. ಇದು ನನಗ ಸರಿ ಕಾಣವಲ್ದು."

ಫಕೀರವ್ವನೂ ಯೋಚಿಸಿದಳು. ನಾಳೆ ಮಗಳ ಕೊನೆಯ ಪಂದ್ಯ. ಉಸಿರು ತಪ್ಪಿದರೆ ಆಟ ಹೋಯಿತು, ಆಟ ಹೋದರೆ ನಿಂಬೆವ್ವನಿಗೆ ಬೇರೆ ಸುಖವಿಲ್ಲ. ಬೆವರೇನು ದೊಡ್ಡದು? ಮಗಳ ಮುಖ ಕಂಡರೆ ತಾನಾಗಿಯೇ ಮತ್ತೆ ಬೆವರುತ್ತದೆ. ಹಡೆದವಳಿಗೆ ಬೆವರಿಗೇನು ಬರ? ಹೀಗೆ ಲೆಕ್ಕ ಹಾಕಿದಳು. ನಾನಾಗಿದ್ದರೂ ಹೀಗೇ ಹಾಕುತ್ತಿದ್ದೆ, ನೀವಾಗಿದ್ದರೂ ಹೀಗೇ.

ಅರಮನೆಯವರು ಒಂದು ಹಿತ್ತಾಳೆ ಬಟ್ಟಲು ತಂದರು. ಫಕೀರವ್ವ ಎರಡೂ ಅಂಗೈಗಳನ್ನು ಅದರೊಳಗೆ ಹಿಂಡಿದಳು. ಬಟ್ಟಲ ತಳ ಒದ್ದೆಯಾಗುವಷ್ಟು ಬಂತು. ಕೈ ಒಣಗಿ ಹಗುರಾದವು. ಮನೆಗೆ ಹೋಗುವಾಗ ಅವಳು ಹೊತ್ತವರಿಗೆಲ್ಲ ಬಹಳ ಮರ್ಯಾದೆಯಿಂದ ಉಪಕಾರ ಹೇಳಿದಳು. ಓಣಿಯವರಿಗೆ ಅವಳು ಹಾಗೆಲ್ಲ ಹೇಳಿದವಳೇ ಅಲ್ಲ.

ಮರುದಿನ ಆಟ ಶುರುವಾಯಿತು. ಗಡಿಕಲ್ಲು ಕಿಟಕಿಯಲ್ಲಿ ಇಣುಕಿ ಅಂಗೈ ನೋಡಿ, ಒಣಗಿದೆ ಎಂದು ತಲೆಯಾಡಿಸಿ ಹೋಯಿತು. ತಟ್ಟೆ "ದೂರದ ವೀಕ್ಷಕರಿಗೆ ಸ್ವಾಗತ" ಎಂದಿತು. ಟೀವಿ ಬೆಳಗಿತು.

ಏನು ಚೆಂದ ಕಂಡಿತು ಅಂತೀರಿ! ಮೈದಾನದ ಮಣ್ಣು ಕಂಡಿತು. ತುಂಬಿದ ಕುರ್ಚಿಗಳು ಕಂಡವು. ಕೆಂಪು ಅಂಗಿಯ ಒಬ್ಬ ಹುಡುಗಿ ಕಂಡಳು, ತೆಳ್ಳಗೆ, ಚುರುಕಾಗಿ. ಹುಡುಗಿ ನೆಲ ಮುಟ್ಟಿ ನಮಸ್ಕಾರ ಮಾಡಿ ಗೆರೆ ದಾಟಿದಳು. ಬಾಯಿ ತೆರೆದಳು. ಬಾಯಿಂದ ಏನೂ ಬರಲಿಲ್ಲ. ಒಂದು ಹೆಜ್ಜೆ ಮುಂದಿಟ್ಟಳು. ಮೈದಾನದ ಗೋಡೆಯ ಕಡೆ, ಗೋಡೆಯಾಚೆಗಿನ ಮನೆಯ ಕಡೆ ತಿರುಗಿ ನೋಡಿದಳು.

ಫಕೀರವ್ವ ಶೇಂಗಾ ಸುಲಿದು ತಿನ್ನುತ್ತಿದ್ದಳು. ಆರಾಮಾಗಿ ಉಸಿರು ಒಳಗೆ ಎಳೆದಳು, ಆರಾಮಾಗಿ ಹೊರಗೆ ಬಿಟ್ಟಳು. "ಅಯ್ಯ ಪಾಪ" ಎಂದಳು ತಟ್ಟೆಗೆ. "ಆ ಹುಡುಗಿ ಯಾಕ ಹಂಗ ನಿಂತೈತಿ? ಆಕಿ ಮನ್ಯಾಗ ಉಸಿರು ಹಿಡಿಯಾವ್ರು ಯಾರೂ ಇಲ್ಲೇನು?"

ಹುಡುಗಿಯನ್ನು ಎಲ್ಲರೂ ಸೇರಿ ಕೆಡವಿದರು. ಫಕೀರವ್ವ ಚುಕ್ ಎಂದು ಲೊಚಗುಟ್ಟಿ ಇನ್ನೊಂದು ಶೇಂಗಾ ಸುಲಿದಳು.

ಹೊತ್ತು ಇಳಿದ ಮೇಲೆ ನಿಂಬೆವ್ವ ಬಂದಳು. ಕೆಂಪು ಅಂಗಿಯನ್ನು ನಾಯಕಿಗೆ ವಾಪಸು ಕೊಟ್ಟು ಬಂದಿದ್ದಳು. ಬಾಗಿಲಲ್ಲೇ ನಿಂತು ಕೇಳಿದಳು. "ಅವ್ವಾ, ಏನಾತು? ಎಷ್ಟು ಹೊತ್ತು ಕಾದೆ ಗೊತ್ತೇನು? ಒಂದೀಟೂ ಬರಲಿಲ್ಲ."

ಫಕೀರವ್ವನ ಮುಖ ಅರಳಿತು. "ಅಯ್ಯ, ನೀ ಟೀವಿಯಾಗ ಬಂದಾಕಿ ಅಲ್ಲೇನು? ಬಾರವ್ವ, ಒಳಗ ಬಾ. ಬಿದ್ದಿ ನೋಡು, ಪೆಟ್ಟಾತೇನು?" ತಲೆಯ ಹತ್ತಿರವಿದ್ದ ತಂಬಿಗೆ ಎತ್ತಿ ಕೊಟ್ಟಳು. "ನೀರು ಕುಡಿ. ಕುಡದು ಲಗೂನ ಮನಿಗೆ ಹೋಗು. ನಿಮ್ಮವ್ವ ದಾರಿ ಕಾಯ್ತಿರ್ತಾಳ."

ನಿಂಬೆವ್ವ ತಂಬಿಗೆ ಹಿಡಿದುಕೊಂಡು ನಿಂತಳು. ಆಮೇಲೆ ನೀರು ಕುಡಿದಳು. ಕುಡಿದು ಅಲ್ಲೇ ಹೊರಸಿನ ಕಾಲಿಗೆ ಒರಗಿ ಕೂತಳು.

ಅರಮನೆಗೆ ಹೋಗಿ ಬೆವರು ವಾಪಸು ತರಬಾರದಿತ್ತೇ ಅನ್ನುತ್ತೀರಿ. ರಾಚವ್ವನಿಂದ ಎಲ್ಲ ತಿಳಿದು ನಿಂಬೆವ್ವ ಹೋದಳು, ಅಷ್ಟು ಬುದ್ಧಿ ಅವಳಿಗೂ ಇತ್ತು. ಬಟ್ಟಲಿತ್ತು. ಬೆವರು ಆರಿಹೋಗಿತ್ತು. ರಾಜ ಮತ್ತೊಮ್ಮೆ ಕಣ್ಣು ಒರೆಸಿಕೊಂಡ.

ನಿಂಬೆವ್ವ ಅದೇ ಮನೆಯಲ್ಲಿ ಉಳಿದಳು. ರೊಟ್ಟಿ ಮಾಡಿ ಹಾಕುತ್ತಾಳೆ, ಕಾಲು ಒತ್ತುತ್ತಾಳೆ. ಫಕೀರವ್ವನಿಗೆ ಅವಳನ್ನು ಕಂಡರೆ ಬಹಳ ಇಷ್ಟ. ಎಂಥ ಹುಡುಗಿ, ಯಾರದೋ ಮನೆಯವಳು, ಎಷ್ಟು ಮಾಡುತ್ತಾಳೆ ಎಂದು ಓಣಿಗೆಲ್ಲ ಹೇಳುತ್ತಾಳೆ. ದಿನವೂ ಕೇಳುತ್ತಾಳೆ, "ಮನಿಗೆ ಯಾವಾಗ ಹೋಗ್ತಿ ಮಗಳೇ?" ನಿಂಬೆವ್ವ ದಿನವೂ "ನಾಳಿ ಹೋಗ್ತೀನ್ರಿ" ಅನ್ನುತ್ತಾಳೆ.

ಈ ಕತೆಯ ನೀತಿ: ಮನೆಗೆ ಬಂದವರಿಗೆ ಮೊದಲು ನೀರು ಕೊಡಬೇಕು. ಫಕೀರವ್ವ ಕೊಟ್ಟಳು, ತಪ್ಪಿಲ್ಲ. ಅವರನ್ನು ಅಲ್ಲಿಗೆ ಬಿಟ್ಟು ನಾನು ಬಾಯಿ ಮುಚ್ಚುತ್ತೇನೆ. ನೀವೂ ಏಳಿ, ನಿಮ್ಮ ನಿಮ್ಮ ಮನೆಗೆ ಹೋಗಿ, ಒಳಗಿರುವವರು ನಿಮ್ಮ ಹೆಸರು ಹಿಡಿದು ಕರೆದರೆ ಓಗೊಡಿ.