ಎಂಟು ಕೋಣೆಗಳ ಬೆಳಕು

"ಅಜ್ಜಾರ ಕೋಣ್ಯಾಗ ಲೈಟ್ ಐತಿ ನೋಡ್ರಿ. ಅಷ್ಟಾದ್ರೂ ಆತಲ್ಲ."

ಶಾವಂತ್ರೆವ್ವ ಕಡೆಯದಾಗಿ ಆಡಿದ ಮಾತು ಇದು. ಅಂದಳು. ಕಿಟಕಿ ಕಡೆ ತಿರುಗಿದ ಮುಖ ಹಾಗೇ ಉಳಿಯಿತು.

ಹೊತ್ತು ಮುಳುಗುವ ಸಮಯ. ಗಾಳಿಗೆ ಕಂಬ ಬಿದ್ದು ಕರೆಂಟ್ ಹೋಗಿತ್ತು. ಆಶ್ರಮದ ಆಸ್ಪತ್ರೆ ಕೋಣೆಯಲ್ಲಿ ಅವಳಿಗೆ ಆಕ್ಸಿಜನ್ ಕೊಡುತ್ತಿದ್ದ, ಗೋಡೆಗೆ ಕೂಡಿಸಿದ ಮಷಿನ್ ನಿಂತಿತ್ತು. ಸಿಲಿಂಡರ್ ತರಲು ಊರಿಗೆ ಹೋದ ಜೀಪು, ದಾರಿಗಡ್ಡ ಬಿದ್ದ ಮರದ ಆಚೆ ನಿಂತಿತ್ತು. ಗಂಡ ಭರಮಪ್ಪ ಒಂದು ರಟ್ಟು ಹಿಡಿದು ಬೀಸುತ್ತ ಕೂತಿದ್ದ. ರಟ್ಟಿನ ಗಾಳಿಗೆ ಎಷ್ಟು ಶಕ್ತಿ.

ನದಿ ದಂಡೆಯ ಆ ಆಶ್ರಮ ಈಗ ವಿಶ್ವವಿದ್ಯಾಲಯ. ಅಲ್ಲಿನ ಗುರುಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು. ಹೊಸ ಕಟ್ಟಡಗಳನ್ನು ಒಂದೂ ಮರ ಕಡಿಯದೆ ಎಬ್ಬಿಸಿದ್ದರು. ಹಸಿ ಇಟ್ಟಿಗೆ, ಸುಣ್ಣದ ಗಾರೆ. ಮಾಳಿಗೆ ತುಂಬ ಸೋಲಾರ್ ಪ್ಲೇಟು.

ಗೋಡೆಗಳೆಲ್ಲ ಭರಮಪ್ಪನ ಕೈಯವು. ಅವನು ಮೇಸ್ತ್ರಿ. ಇಪ್ಪತ್ತು ವರ್ಷದಿಂದ ಅಜ್ಜಾರ ಶಿಷ್ಯ. ಅವನಿಗೆ ಅಕ್ಷರ ಹತ್ತಲಿಲ್ಲ, ಗಾರೆ ಹತ್ತಿತು. "ಅದ ನಿನ್ನ ಓದು" ಅಂದಿದ್ದರು ಅಜ್ಜಾರು.

ಹೆಂಡತಿಯನ್ನು ಮಣ್ಣು ಮಾಡಿದ ಮೂರನೆಯ ದಿನ ಅವನು ಕಟ್ಟಡದ ಎಂಜಿನಿಯರ್ ಆಗಿದ್ದ ಹೆಣ್ಣುಮಗಳ ಮುಂದೆ ಹೋಗಿ ನಿಂತ. ಅವರನ್ನು ಎಲ್ಲರೂ ಬಾಯಾರು ಅನ್ನುತ್ತಿದ್ದರು.

"ಮಾಳಗಿ ತುಂಬ ಬಿಸಿಲಿನ ಕರೆಂಟ್ ಇಟ್ಕೊಂಡೀರಿ. ನನ್ನ ಹೇಣ್ತಿಗೆ ಯಾಕ ಬರಲಿಲ್ರಿ?"

ಬಾಯಾರು ತಲೆ ತಗ್ಗಿಸಿದರು. ಆಮೇಲೆ ನಕ್ಷೆ ಬಿಚ್ಚಿದರು.

"ಹೊರಗಿನ ಕರೆಂಟ್ ಹೋದಾಗ ಬ್ಯಾಟರಿ ಎಂಟು ಕೋಣೆಗಷ್ಟೇ ಸಾಲ್ತದೆ ಅಂತ ಹೇಳಿದ್ದೆ, ಮೇಸ್ತ್ರಿ. ಯಾವ ಎಂಟು ಅಂತ ಅಜ್ಜಾರನ್ನ ಕೇಳಿ ಗುರುತು ಹಾಕ್ರಿ ಅಂದಿದ್ದೆ. ಹಾಕಿದವರು ನೀವೇ."

ಹೌದು. ಅವನೇ.

ಆ ತಿಂಗಳು ಅಜ್ಜಾರು ಮೌನವ್ರತದಲ್ಲಿದ್ದರು. ವ್ರತ ಕೆಡಿಸಬಾರದು ಅಂತ ಅವನು ಕೇಳಲಿಲ್ಲ. ಕೇಳುವುದೇನಿದೆ ಅಂತಲೂ ಅನ್ನಿಸಿತ್ತು. ಕಾವಿ ಕಲ್ಲು ಹಿಡಿದು ಮೊದಲು ಅಜ್ಜಾರ ಕೋಣೆಗೆ ಗುರುತು ಹಾಕಿದ. ಆಮೇಲೆ ಗದ್ದುಗೆಗೆ. ಆಮೇಲೆ ಪ್ರಾರ್ಥನೆಯ ಕೋಣೆಗೆ. ಅಜ್ಜಾರ ಅತಿಥಿಗಳ ನಾಲ್ಕು ಕೋಣೆಗೆ, ಅಜ್ಜಾರ ಪುಸ್ತಕಗಳ ಕೋಣೆಗೆ. ಆಸ್ಪತ್ರೆ ಕೋಣೆಯ ಬಾಗಿಲಿಗೆ ಬರುವಷ್ಟರಲ್ಲಿ ಎಂಟು ಮುಗಿದಿತ್ತು. ಕಾವಿ ಕಲ್ಲು ಜೇಬಿಗೆ ಹಾಕಿಕೊಂಡು ಮನೆಗೆ ಹೋಗಿದ್ದ.

"ಈಗ ವೈರ್ ಬದಲಿ ಮಾಡ್ರಿ" ಅಂದ.

"ಗೋಡೆ ಕಡಿಬೇಕಾಗ್ತದೆ. ಮುಂದಿನ ವಾರ ಹಸಿರು ಕಟ್ಟಡದ ಬಹುಮಾನದವರು ಬರ್ತಾರೆ. ಅವರು ಬರೋದೇ ನಿಮ್ಮ ಗೋಡೆ ನೋಡೋಕೆ. ಅವರು ಹೋಗಲಿ."

"ಅಲ್ಲೀತನಕ ಗಾಳಿಗೆ ತಡಿ ಅಂತ ಹೇಳೀರೇನು?"

ಬಾಯಾರು ನಕ್ಷೆ ಮಡಚಿದರು. ಭರಮಪ್ಪನ ಕಣ್ಣು ಕೆಂಪಾಯಿತು. ದೊಡ್ಡ ಸುತ್ತಿಗೆ ತೆಗೆದುಕೊಂಡ. ಪ್ಲೇಟೆಲ್ಲ ಪುಡಿ ಮಾಡಬೇಕು, ಒಂದೂ ಉಳಿಯಬಾರದು ಅಂತ ಹೋಗಿ ಗೋಡೆಗೆ ಏಣಿ ಹಚ್ಚಿದ.

ಹಿಂದಿನಿಂದ ಅಜ್ಜಾರು ಬಂದರು.

"ಎಲ್ಲಿಗೆ?"

"ಒಡಿಯಾಕ."

"ಏಣಿ ಅಲ್ಲಾಡತೈತಿ. ನೀ ಮೊದಲಿನಂಗ ಸಣ್ಣಾಂವ ಉಳದಿಲ್ಲ. ನಾ ಹಿಡೀತೀನಿ, ಹತ್ತು."

ಎರಡೂ ಕೈಯಿಂದ ಏಣಿ ಹಿಡಿದು ನಿಂತರು. ಬ್ಯಾಡ ಅನ್ನಲಿಲ್ಲ. ಅದಕ್ಕೇ ಅವನಿಗೆ ಇನ್ನೂ ಸಿಟ್ಟು ಬಂತು.

ಮಾಳಿಗೆ ಕಾದ ಹಂಚಿನಂತಿತ್ತು. ಭರಮಪ್ಪ ಸುತ್ತಿಗೆ ಎತ್ತಿದ.

ಕೆಳಗೆ ಆಸ್ಪತ್ರೆ ಕೋಣೆಯಿಂದ ಸದ್ದು ಬಂತು. ಮಷಿನ್ ಸದ್ದು. ಹನ್ನೊಂದು ದಿನ ಅದನ್ನೇ ಕೇಳುತ್ತ ಹೆಂಡತಿಯ ಪಕ್ಕ ಕೂತಿದ್ದವನು ಅವನು. ಈಗ ಅದು ಬೇರೆ ಯಾರಿಗೋ ಉಸಿರು ಕೊಡುತ್ತಿತ್ತು. ಹಗಲಲ್ಲಿ ಅದು ನಡೆಯುವುದು ಈ ಪ್ಲೇಟುಗಳಿಂದಲೇ.

ಬಹಳ ಹೊತ್ತು ನಿಂತ. ಇಳಿದು ಬಂದ. ಅಜ್ಜಾರು ಏಣಿ ಬಿಟ್ಟಿರಲಿಲ್ಲ.

"ಒಡದೇನು?"

"ಇಲ್ರಿ."

"ಯಾಕ?"

"ಆ ಮಂಚದ ಮ್ಯಾಲೆ ಮತ್ತ ಯಾರೋ ಅದಾರ."

"ಅಡಗಿ ಮಾಡೋ ಗುರವ್ವನ ತಾಯಿ. ಸಿಟ್ಟು ಇಳೀತೇನು?"

"ಇಲ್ರಿ."

"ಯಾರ ಮ್ಯಾಲೆ ಐತಿ?"

ಭರಮಪ್ಪ ಇಪ್ಪತ್ತು ವರ್ಷ ಆ ಮುಖದ ಮುಂದೆ ದನಿ ಎತ್ತಿದವನಲ್ಲ.

"ನಿಮ್ಮ ಮ್ಯಾಲೆ!" ಅಂದ. "ನೀವು ಅಲ್ಲೇ ಇದ್ರಿ. ಇಪ್ಪತ್ತು ಹೆಜ್ಜಿ. ಆಕಿ ಉಸುರಿಗೆ ಒದ್ದಾಡಾಕತ್ತಿದ್ಲು. ನೀವು ಫ್ಯಾನ್ ಕೆಳಗ ಕುಂತು ಓದಾಕತ್ತಿದ್ರಿ. ಯಾಕ ಬರಲಿಲ್ರಿ, ಅಜ್ಜಾರ?"

"ಕರೆಂಟ್ ಹೋಗಿದ್ದು ನನಗ ಗೊತ್ತಾಗಲಿಲ್ಲ."

"ಗೊತ್ತಾಗಲಿಲ್ಲ?"

"ಲೈಟ್ ಹತ್ತಿತ್ತು. ಫ್ಯಾನ್ ತಿರಗತಿತ್ತು. ಕಿಟಕಿ ಗಾಜು ಮುಚ್ಚಿತ್ತು. ನನಗ ಕತ್ತಲಾಗಲ ಇಲ್ಲ, ಭರಮಪ್ಪ."

ಭರಮಪ್ಪನ ಕೈಯಿಂದ ಸುತ್ತಿಗೆ ನೆಲಕ್ಕೆ ಬಿತ್ತು.

"ನಿಮಗ ಗೊತ್ತಾಗಬಾರದು ಅಂತನ ನಾ ಗುರುತು ಹಾಕಿದ್ದೆ" ಅಂದ.

"ಹೂಂ. ನೀ ನನ್ನ ಕುರುಡ ಮಾಡಿದಿ. ನಾ ಆರಾಮ ಕುಂತೆ."

ನದಿಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು.

"ನನಗೊಂದು ಶಿಕ್ಷಾ ಹೇಳ್ರಿ, ಅಜ್ಜಾರ."

"ಹೇಳೂದಿಲ್ಲ. ಹೇಳಿದ್ರ ನಿನಗ ಸಮಾಧಾನ ಆಗತೈತಿ."

"ಹಂಗಾರ ಏನ್ ಮಾಡ್ಲಿ?"

"ಮಂಚದ ಮ್ಯಾಲೆ ಯಾರೋ ಅದಾರ ಅಂದಿ. ಗಾಳಿ ದಿನ ಇನ್ನೂ ಮುಗದಿಲ್ಲ."

ಅಷ್ಟು ಹೇಳಿ ಅಜ್ಜಾರು ಒಳಗೆ ಹೋದರು.

ಮರುದಿನ ಮುಂಜಾನೆ ಭರಮಪ್ಪ ಉಳಿ, ಸಣ್ಣ ಸುತ್ತಿಗೆ ಹಿಡಿದು ಬಂದ. ಅಜ್ಜಾರ ಕೋಣೆಯ ಲೈನ್ ಕಿತ್ತು ಆಸ್ಪತ್ರೆಗೆ ಎಳೆಯಬೇಕು. ನಡುವೆ ಇದ್ದದ್ದು ಅವನ ಎಲ್ಲಕ್ಕಿಂತ ಒಳ್ಳೆಯ ಗೋಡೆ. ತಿಂಗಳುಗಟ್ಟಲೆ ಕಲ್ಲಿನಿಂದ ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದ.

ಎಂಜಿನಿಯರ್ ಬಾಯಾರು ಓಡಿ ಬಂದರು.

"ಮೇಸ್ತ್ರಿ! ಆ ಗೋಡೆಗೇ ಬಹುಮಾನ!"

"ಕಟ್ಟಿದಾಂವ ನಾನ. ಕಡಿಯಾಕೂ ಬರತೈತಿ. ನೀವು ವೈರ್ ತರ್ರಿ, ಬಾಯಾರ."

ಬಾಯಾರು ಗೋಡೆ ನೋಡಿದರು, ಅವನ ಮುಖ ನೋಡಿದರು. ವೈರ್ ತರಲು ಹೋದರು.

ಭರಮಪ್ಪ ಕೋಣೆಯೊಳಗೆ ಹೋದ. ಅಜ್ಜಾರು ಚಾಪೆ ಮೇಲೆ ಕೂತಿದ್ದರು. ಕೆಲಸದ ರೂಢಿ ಕೈಗೆ ಅಂಟಿಕೊಂಡಿತ್ತು. ಧೂಳು ಬೀಳದಿರಲಿ ಅಂತ ಒಂದು ಬಟ್ಟೆ ಕೊಡವಿ ಪುಸ್ತಕಗಳ ಮೇಲೆ ಹಾಸಿದ. ಇನ್ನೊಂದನ್ನು ಅಜ್ಜಾರ ಹೆಗಲಿಗೆ ಹೊದಿಸಲು ಬಾಗಿದ.

ಅಜ್ಜಾರು ಬಟ್ಟೆ ಕಿತ್ತು ಹೊರಗೆ ಎಸೆದರು.

"ಮತ್ತ ನನ್ನ ಮುಚ್ಚಾಕ ಬಂದಿಯೇನು? ಬೀಳಲಿ ಧೂಳು. ಹೊಡಿ."