ಉಪದೇಶಿ ಚೌರಪ್ಪನ ಚಡಪಡಿಕೆ

ಪೂಜ್ಯ ಮದರ್ ಎಮರೆನ್ಸಿಯಾ ಅಮ್ಮನವರು ಕುಷ್ಠರೋಗಿಗಳ ಆಶ್ರಮದ ಹಿಂಬದಿಯಲ್ಲಿ, ತಗಡಿನ ಮಾಡಿನ ಒಂದು ಕೋಣೆಯಲ್ಲಿ ವಾಸವಾಗಿದ್ದರು. ಚರ್ಚಿನಲ್ಲಿ ಪ್ರಾತಃಕಾಲದ ಬಲಿಪೂಜೆ ಮುಗಿದೊಡನೆ ನೆಲದ ಮೇಲೆ ಕುಳಿತು ರೋಗಿಗಳ ಪಾದ ತೊಳೆದು ಪಟ್ಟಿ ಕಟ್ಟುವುದು ಇಪ್ಪತ್ತೆಂಟು ವರ್ಷಗಳಿಂದ ಅವರು ನಡೆಸಿಕೊಂಡು ಬಂದಿದ್ದ ಸೇವೆ.

ಒಂದು ಬೆಳಿಗ್ಗೆ ಉಪದೇಶಿ ಚೌರಪ್ಪ ಅಲ್ಲಿಗೆ ಬಂದ. ಚರ್ಚಿನ ಗುರುಗಳಿಲ್ಲದ ತನ್ನ ಹಳ್ಳಿಯಲ್ಲಿ ಮಕ್ಕಳಿಗೆ ಜ್ಞಾನೋಪದೇಶ ಕಲಿಸುವುದು, ಸಂಜೆ ಮನೆಮನೆಗೆ ಹೋಗಿ ಜಪ ಹೇಳಿಸುವುದು ಅವನ ಕೆಲಸ. ಆದರೆ ವರ್ಷದಿಂದ ಅವನಿಗೆ ನೆಮ್ಮದಿಯಿರಲಿಲ್ಲ. ಜಪಸರದ ಮೇಲೆ ಬೆರಳು ಮಾತ್ರ ಓಡುತ್ತಿತ್ತು, ಮನಸ್ಸು ಎಲ್ಲೋ ಇರುತ್ತಿತ್ತು. ಧ್ಯಾನಕೂಟಗಳಿಗೆ ಅಲೆದ, ಉಪವಾಸ ಮಾಡಿದ, ಹರಕೆ ಹೊತ್ತ. ಯಾವುದೂ ಫಲಿಸಲಿಲ್ಲ. ಕಡೆಗೆ ಹದಿನೈದು ದಿನಗಳಿಂದ ಮನೆಮನೆಯ ಜಪವನ್ನೇ ಕೈಬಿಟ್ಟಿದ್ದ.

ಅಮ್ಮನವರು ಕುಳಿತುಕೋ ಎಂದರೂ ಕೂರದೆ, ಅತ್ತಿಂದಿತ್ತ ನಡೆಯುತ್ತಲೇ ಹೇಳಿಕೊಂಡ: "ಅಮ್ಮಾ, ದೇವರಿದ್ದಾರೆ ಅಂತ ಊರಿಗೆಲ್ಲ ಹೇಳ್ತೀನಿ, ನನಗೇ ಏನೂ ಅನ್ನಿಸಲ್ಲ. ಇದು ಮೋಸ ಅಲ್ವಾ? ಈ ಕೆಲಸ ಬಿಟ್ಟುಬಿಡ್ತೀನಿ."

ಅಮ್ಮನವರು ವೃದ್ಧನೊಬ್ಬನ ಪಾದದಿಂದ ಹಳೆಯ ಪಟ್ಟಿ ಬಿಚ್ಚುತ್ತಿದ್ದರು.

"ನಿಮಗೇನಮ್ಮ, ಈ ಪಾದಗಳಲ್ಲಿ ದಿನಾ ಯೇಸುಸ್ವಾಮಿ ಕಾಣಿಸ್ತಾರೆ," ಎಂದ ಚೌರಪ್ಪ, ತುಸು ಅಸೂಯೆಯಿಂದಲೇ.

"ಕೆಲವು ದಿನ ಕಾಣಿಸ್ತಾರಪ್ಪ. ಎಷ್ಟೋ ದಿನ ಬರೀ ಹುಣ್ಣು ಕಾಣಿಸುತ್ತೆ."

ಅವನ ಕಾಲುಗಳು ನಿಂತವು. "ಆ ದಿನ ಏನು ಮಾಡ್ತೀರಿ?"

"ತೊಳೀತೀನಿ," ಎಂದರು ಅಮ್ಮನವರು. ಬಿಸಿನೀರಿಗೆ ಬಟ್ಟೆ ಅದ್ದಿ ಹಿಂಡಿದರು. "ನಿನ್ನ ದಾರಿ ಯಾರು ಕಾಯ್ತಿದ್ದಾರೆ, ಚೌರಪ್ಪ?"

ಅವನಿಗೆ ತನ್ನ ಹಳ್ಳಿಯ ಕಣ್ಣು ಕಾಣದ ಜ್ಞಾನಮ್ಮಜ್ಜಿಯ ನೆನಪಾಯಿತು. ಸಂಜೆಯ ಜಪದಲ್ಲಿ ಅವನು ಅರ್ಧ ಹೇಳಿದರೆ ಉಳಿದರ್ಧ ಅಜ್ಜಿ ಹೇಳುತ್ತಿದ್ದಳು. ಆಕೆಗೆ ಬೇರೆ ಯಾರೂ ಇರಲಿಲ್ಲ. ಕೂಡಲೇ ಹಳ್ಳಿಯ ಬಸ್ಸು ಹತ್ತಿದ.

ಸಂಜೆ ಅವನ ಹೆಜ್ಜೆ ಸದ್ದಿಗೇ ಅಜ್ಜಿ ಮುಖ ಎತ್ತಿದಳು. "ಚೌರಪ್ಪನೇನೋ? ಹುಷಾರಿರಲಿಲ್ವೇನೋ ಮಗ? ಇಷ್ಟು ದಿನ ನಿನ್ನ ಪಾಲಿಂದೂ ನಾನೇ ಹೇಳಿಬಿಟ್ಟೆ."

ಚೌರಪ್ಪ ಆಕೆಯ ಪಕ್ಕದಲ್ಲೇ ಕುಳಿತ. ಜಪಸರ ತೆಗೆದು ಜಪ ಆರಂಭಿಸಿದ.

ಮುಂದೆ ಸಾಯುವವರೆಗೂ ಅವನು ಆ ಸೇವೆಯನ್ನು ಒಂದು ದಿನವೂ ತಪ್ಪಿಸಲಿಲ್ಲವೆಂದು ಊರವರು ಹೇಳುತ್ತಾರೆ. ಮನಸ್ಸು ಒಣಗಿದ ದಿನಗಳು ಆಮೇಲೂ ಬರುತ್ತಿದ್ದವಂತೆ. ಅಂಥ ದಿನ ಮಾತ್ರ ಚೌರಪ್ಪ, ಜಪಕ್ಕೆ ದಾರಿ ಕಾಯುವವರಿದ್ದಾರೆಂದು, ಮನೆಯಿಂದ ಸ್ವಲ್ಪ ಬೇಗನೇ ಹೊರಡುತ್ತಿದ್ದನಂತೆ.